ಹಾಲಿನ ಹಾಳೆಯ ಡಾಲರ್

ರುದ್ರಾಣಿಗೆ ಅಚ್ಚುಕಟ್ಟಿನ ಹುಚ್ಚು. ದೇವನೂರು ದಾರಿಯ ಸಣ್ಣ ಊರೊಂದರ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು ಅವಳೇ. ಅಲ್ಲಿ ಹಾಲಿನ ಗಟ್ಟಿತನದ ಲೆಕ್ಕ ಹಾಕುವ ಎಕ್ಸೆಲ್ ಹಾಳೆಯ ಸೂತ್ರದಲ್ಲಿ ಎರಡು ಡಾಲರ್ ಗುರುತು ಕಂಡಾಗ ನಗು ಬಂತು. ನಮ್ಮೂರ ಹಾಲಿಗೂ ಅಮೆರಿಕದ ದುಡ್ಡಿಗೂ ಏನು ಸಂಬಂಧ? ಯಾರೋ ಕೈತಪ್ಪಿ ಒತ್ತಿದ್ದಾರೆಂದು ಎರಡನ್ನೂ ಅಳಿಸಿ, ಸೂತ್ರವನ್ನು ಮೊದಲ ಹೆಸರಿನಿಂದ ಕೊನೆಯವರೆಗೆ ಎಳೆದಳು. ಹಾಳೆ ತೊಳೆದಿಟ್ಟ ಹಾಗೆ ಕಂಡಿತು.

ಮರುದಿನ ಬೆಳಿಗ್ಗೆ ಚನ್ನಾಜಮ್ಮನ ಹೆಸರಿನ ಮುಂದೆ ಕೆಂಪು ಬಿತ್ತು. ನೀರು ಬೆರೆತ ಹಾಲು ಎಂದರ್ಥ. ಇಪ್ಪತ್ತು ವರ್ಷದಿಂದ ಹಾಲು ಹಾಕುತ್ತಿದ್ದ ಮುದುಕಿ. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದಂತೆ ರುದ್ರಾಣಿ ಕ್ಯಾನನ್ನು ಹಿಂದಕ್ಕೆ ತಳ್ಳಿದಳು. "ಕಂಪ್ಯೂಟರ್ ಸುಳ್ಳು ಯೋಳಲ್ಲ ಕಣವ್ವ," ಎಂದೂ ಸೇರಿಸಿದಳು. ಆ ಮಾತು ಬೇಕಿರಲಿಲ್ಲ. ಚನ್ನಾಜಮ್ಮ ಸೆರಗು ತಲೆಗೆಳೆದುಕೊಂಡು ಹೋದಳು.

ಸಂಜೆ ಆ ಮನೆಯಿಂದ ಹಾಲೇ ಬರಲಿಲ್ಲ. ರುದ್ರಾಣಿಗೆ ತಾನು ಅಳಿಸಿದ ಡಾಲರ್ ಗುರುತುಗಳ ನೆನಪಾಯಿತು. ಹಾಳೆ ಮಾಡಿಕೊಟ್ಟಿದ್ದ ನಂಜನಗೂಡಿನ ದಿವ್ಯಳಿಗೆ ಫೋನು ಮಾಡಿ ಅದನ್ನು ಹೇಳಿದಳು.

"ಅಯ್ಯೋ, ಅದು ದುಡ್ಡಿನ ಡಾಲರ್ ಅಲ್ಲ ಅಕ್ಕ, ದನ ಕಟ್ಟೋ ಗೂಟ ಅನ್ಕೊಳಿ. ಬೆಚ್ಚಗಿನ ಹಾಲು ತೆಳ್ಳಗೆ ತೋರ್ಸುತ್ತೆ ಅಂತ ಕೂಡ್ಸೋ ಅಂಕಿ ಹಾಳೆ ಮೇಲ್ಗಡೆ ಒಂದು ಚೌಕದ ಮನೇಲಿ ಇದೆಯಲ್ಲ, ಎಲ್ಲಾರ ಲೆಕ್ಕನೂ ಅಲ್ಲೇ ಕಟ್ಟಿರ್ಲಿ ಅಂತ ಹಾಕಿದ್ದೆ. ಕಿತ್ತಾಕಿದ್ರೆ ಮೊದಲ್ನೆಯವ್ರಿಗೆ ಮಾತ್ರ ಸರಿ. ಸೂತ್ರ ಎಳೆದಂಗೆಲ್ಲ ಲೆಕ್ಕ ಒಂದೊಂದೇ ಮನೆ ಕೆಳಗೆ ಜಾರಿ, ಕೆಳಗಿನವ್ರಿಗೆಲ್ಲ ಖಾಲಿ ಮನೆ ಸಿಗುತ್ತೆ."

ಮೊದಲ ಹೆಸರು ಡೇರಿ ಸೆಕ್ರೆಟರಿ ಶಿವಸ್ವಾಮಿಯದು. ಅವರ ಅಂಕಿ ಸರಿಯಾಗಿದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಮಿಕ್ಕವರ ಅಂಕಿಯೂ ಇಳಿದಿತ್ತು, ಆದರೆ ನೀರು ಬೆರೆತಿದೆ ಎನ್ನುವ ಗೆರೆಯಿಂದ ಕೆಳಗೆ ಬಿದ್ದದ್ದು ಚನ್ನಾಜಮ್ಮನದೊಂದೇ. ರುದ್ರಾಣಿ ನಾಚಿಕೆಯಿಂದ ಕುಗ್ಗಿಹೋದಳು. ಕೆಲಸ ಹೋದರೂ ಸರಿ, ನಾಳೆ ಎಲ್ಲರೆದುರೇ ತಪ್ಪು ಒಪ್ಪಿಕೊಳ್ಳಬೇಕು ಅಂದುಕೊಂಡು ಆ ಮನೆಗೆ ಹೋದಳು.

ಕೊಟ್ಟಿಗೆಯಲ್ಲಿ ಚನ್ನಾಜಮ್ಮ ಒಬ್ಬಳೇ ಹಾಲು ಕರೆಯುತ್ತಿದ್ದಳು. ರುದ್ರಾಣಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಬೈಯಲಿಲ್ಲ.

"ದಿನಾ ಆಲು ಕರೀತಿದ್ದೋಳು ನನ್ನ ಸೊಸೆ ಪವಿತ್ರ ಕಣಮ್ಮಿ," ಎಂದಳು. "ನಾನು ನೀರಾಕಿಲ್ಲ ಅಂದ್ಮೇಲೆ ನೀನೇ ಆಕಿರ್ಬೇಕು ಅಂದ್ಬುಟ್ಟೆ. ಇಲ್ಲ ಅತ್ತೆ, ಇಲ್ಲ ಅತ್ತೆ ಅಂತ ಅತ್ಲು. ನಾನು ನಂಬ್ನಿಲ್ಲ. ಮದ್ಯಾನದ ಬಸ್ಸಿಗೆ ಸೋಸಲೆಗೆ, ತವರಿಗೆ ಒಂಟೋದ್ಲು."

"ಅವ್ಳ ಕರ್ಕೊಂಡ್ ಬರಕ್ಕೆ ನಾನೂ ಬತ್ತೀನಿ ಕಣವ್ವ. ನನ್ನ ತಪ್ಪು ಅಂತ ಅವ್ಳಿಗೇ ಯೋಳ್ತೀನಿ."

"ಬಾ. ನಿನ್ನ ತಪ್ಪು ನೀನು ಯೋಳು." ಮುದುಕಿಯ ಕೈ ನಿಂತಿತು. "ಆರು ವರ್ಷ ಒಂದೇ ಒಲೆ ಅನ್ನ ಉಂಡೋಳ್ನ ನಂಬ್ದೆ ನಿನ್ನ ಕಂಪ್ಯೂಟರ್ ನಂಬ್ದೆನಲ್ಲ, ಅದ್ನ ಯಾರ ತಪ್ಪು ಅಂತ ಯೋಳ್ಲಿ?"