ಮಾವನ ಹಿಡಿತ

ಅತ್ತರಿನ ವಾಸನೆ, ಹಾಗಾದರೆ ಮಾವ ಒಳಗೆ ಬಂದರು, ಇನ್ನೂ ಮುಖ ಕಾಣುವುದಿಲ್ಲ, ಬಾಗಿಲ ಬಳಿ ಹುಡುಗಿಯರು ಲಂಗ ಒತ್ತಿಕೊಂಡು ದಾರಿ ಬಿಡುತ್ತಿದ್ದಾರೆ, ಜರಿಶಾಲಿನ ಅಂಚೊಂದು ಮಿಂಚಿ ಮರೆಯಾಯಿತು, ಬರಲಿ, ನಿಧಾನವಾಗಿಯೇ ಬರಲಿ, ಇಷ್ಟು ವರ್ಷ ಕಾದವಳಿಗೆ ಇನ್ನೊಂದು ಗಳಿಗೆ ದೊಡ್ಡದಲ್ಲ ಎಂದುಕೊಳ್ಳುತ್ತಾ ಶಶಿಪ್ರಭಾ ಚಪ್ಪಲಿಯಿಂದ ಪಾದ ಹೊರತೆಗೆದು ಮೇಜಿನಡಿ ತಡವಿದಳು, ಗೋಣಿಯ ಕೆಳಗೆ ಕರೆಗಂಟೆಯ ಗುಂಡಿ ಇದ್ದಲ್ಲೇ ಇದೆ, ತಣ್ಣಗೆ, ಯಾರಿಗೂ ಕಾಣದೆ. ಮೇಜಿನ ಮೇಲೆ ಕಾಣುವುದೆಲ್ಲ ಸಾಚಾ — ಟಾರ್ಚಿನ ಸೆಲ್ಲುಗಳು, ಒಂದು ಟ್ರಾನ್ಸಿಸ್ಟರು, ಮುಳ್ಳಿನ ಮೀಟರು, ಎರಡು ತಂತಿ, ತಂತಿಗಳ ತುದಿಗೆ ಎರಡು ಹಿತ್ತಾಳೆ ಕೊಳವೆ, ಕೈಗೊಂದು, ಬಿಗಿಯಾಗಿ ಹಿಡಿದಷ್ಟೂ ಚರ್ಮ ಲೋಹಕ್ಕೆ ಒತ್ತುತ್ತದೆ ಮಕ್ಕಳೇ, ಒತ್ತಿದಷ್ಟೂ ಮೈಯೊಳಗಿಂದ ಕರೆಂಟು ಹೆಚ್ಚು ಹರಿಯುತ್ತದೆ, ಮುಳ್ಳು ಏರುತ್ತದೆ, ಬೆಳಿಗ್ಗೆಯಿಂದ ಇದನ್ನೇ ಹೇಳಿ ಹೇಳಿ ಗಂಟಲು ಒಣಗಿದೆ, ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮೂಡಬಿದ್ರೆಯ ಅರ್ಧ ಪೇಟೆಯೇ ಬಂದಿದೆ, ಎಲ್ಲರಿಗೂ ಈ ಮೇಜೇ ಬೇಕು, ಬೀಡಿ ಕಟ್ಟುವ ಮುದುಕಿ ಅವ್ವಮ್ಮ ಕೂಡ ನಾಚುತ್ತ ಹಿಡಿದಳು, ಮುಳ್ಳು ಮೂವತ್ತು ತೋರಿಸಿತು, ಹೆಡ್‌ಮಿಸ್ಟ್ರೆಸ್ ವಾಗ್ದೇವಿಯವರು ಹಿಡಿದರೆ ನಲವತ್ತು. ಆದರೆ ಕಾಲಡಿಯ ಗುಂಡಿ ಒತ್ತಿದರೆ ಕರೆಂಟಿನ ಹೆಚ್ಚಿನ ಪಾಲು ಇನ್ನೊಂದು ತಂತಿಯ ಕಳ್ಳದಾರಿ ಹಿಡಿಯುತ್ತದೆ, ಎಂಥ ಪೈಲ್ವಾನ ಹಿಡಿದರೂ ಮುಳ್ಳು ಹತ್ತರ ಹತ್ತಿರ ಕುಂಟುತ್ತದೆ, ಆ ಗುಂಡಿ ಇರುವುದು ಒಬ್ಬರಿಗಾಗಿ, ಶಾಲೆಗೆ ಹೊಸ ಹಂಚು ಹೊದಿಸಿಕೊಟ್ಟ ಇವತ್ತಿನ ಮುಖ್ಯ ಅತಿಥಿ, ಬೆಳ್ತಂಗಡಿಯ ಪದ್ಮಯ್ಯ, ಅವಳ ತಾಯಿಯ ಅಣ್ಣ.

ಈ ಅಡ್ಡ ತಂತಿ ಎಂತದಕ್ಕೆ ಟೀಚರೇ, ಇದಿದ್ದರೆ ಮುಳ್ಳು ಮೇಲೆ ಹೋಗ್ಲಿಕ್ಕಿಲ್ಲವಲ್ಲ ಎಂದು ಕೇಳಿದ್ದ ರೇಡಿಯೋ ರಿಪೇರಿಯ ಅಬ್ದುಲ್ ಶುಕೂರ್, ಬಿ.ಸಿ.ರೋಡಿನ ತನ್ನ ಅಂಗಡಿಯಲ್ಲಿ ಕೂತು ಕೆಟ್ಟ ರೇಡಿಯೋದಿಂದ ಟ್ರಾನ್ಸಿಸ್ಟರು ಬಿಡಿಸಿ ಕೊಡುತ್ತ, ಮಕ್ಕಳು ಜೋರು ಒತ್ತಿ ಮೀಟರು ಹಾಳು ಮಾಡಬಾರದು ಅಂತ ಎಂದಳು ಅವಳು, ಸುಳ್ಳು ಎಷ್ಟು ಸಲೀಸಾಗಿ ಬಂತು, ಕಣ್ಣು ಮಾತ್ರ ಅಂಗಡಿಯ ಹೊರಗೆ, ಆ ಜಾಗದಲ್ಲಿ, ವರ್ಷಗಳ ಹಿಂದೆ ಅಲ್ಲೇ ಮಂಗಳೂರಿನ ಬಸ್ಸು ನಿಂತಿತ್ತು, ಅವಳು ಕಿಟಕಿಯ ಬದಿಯಲ್ಲಿ ಕೂತಿದ್ದಾಳೆ, ಕಾಲ ಬಳಿ ಟ್ರಂಕು, ಕಾಲೇಜಿನಲ್ಲಿ ಸಯನ್ಸಿಗೆ ಸೀಟು ಸಿಕ್ಕಿದೆ, ಅಮ್ಮ ಮನೋರಮಾ ಯಾರಿಗೂ ಹೇಳದೆ ಕಳಿಸಿದ್ದಾಳೆ, ಬಸ್ಸು ಗುರುಗುಡುತ್ತಿದೆ, ಇನ್ನೇನು ಹೊರಡಬೇಕು, ಅಷ್ಟರಲ್ಲಿ ಇದೇ ಅತ್ತರು. ಇಳಿ. ಹಾಸ್ಟೆಲಿನಲ್ಲಿ ಕತ್ತಲಾದ ಮೇಲೆ ಉಣ್ತಾರೆ, ನಮ್ಮ ಜೈನರ ಮನೆಯ ಹೆಣ್ಣು ಅಂಥಲ್ಲಿ ಇರ್ಲಿಕ್ಕಿಲ್ಲ, ಇಳಿ ಹೇಳಿದೆ. ಅವಳು ಎಡಗೈಯಲ್ಲಿ ಕಿಟಕಿಯ ಸರಳು ಹಿಡಿದಳು, ಮಾವ ಬಲಗೈಯ ಮಣಿಕಟ್ಟು ಹಿಡಿದರು, ಹಿಡಿದು ತಿರುಚಿದರು, ಹಸಿ ಕಡ್ಡಿ ಮುರಿದಂಥ ಸದ್ದು ಅವಳ ಮೈಯಿಂದಲೇ ಬಂತು, ಕಂಡಕ್ಟರ್ ಬೇರೆ ಕಡೆ ನೋಡಿದ, ಬಸ್ಸಿನ ತುಂಬ ಜನ, ಎಲ್ಲರೂ ಬೇರೆ ಕಡೆ ನೋಡಿದರು. ಎಲುಬು ಕೂಡಿತು, ಸೊಟ್ಟಗೆ ಕೂಡಿತು, ಆ ಕೈಯಲ್ಲಿ ಇವತ್ತಿಗೂ ತುಂಬಿದ ಕೊಡಪಾನ ಎತ್ತುವ ಹಾಗಿಲ್ಲ, ಸೊಟ್ಟ ಕೈಯವಳನ್ನು ನೋಡಲು ಬಂದ ಗಂಡುಗಳೂ ಕಾಫಿ ಕುಡಿದು ಹೋದವರು ತಿರುಗಿ ಬರಲಿಲ್ಲ, ಆಮೇಲೆ ಟೀಚರ್ ಟ್ರೈನಿಂಗಿಗೆ ಕಳಿಸಿದವರೂ ಮಾವನೇ, ನಾನಿಲ್ಲದಿದ್ದರೆ ಇವಳು ಏನಾಗ್ತಿದ್ದಳು ಎಂದು ಹೇಳಿಕೊಂಡವರೂ ಮಾವನೇ. ಅದನ್ನೆಲ್ಲ ನುಂಗಬಹುದಿತ್ತು, ಆ ತಮಾಷೆಯೊಂದನ್ನು ನುಂಗಲಾಗಲಿಲ್ಲ, ಯಾವ ಮದುವೆಯ ಪಂಕ್ತಿಯಲ್ಲಿ ಕೂತರೂ ಅದೇ, ನನ್ನ ಕೈ ಹಾಗೆ ಮಾರಾಯ್ರೆ, ನಾನು ಮೆಲ್ಲ ಹಿಡಿದದ್ದು, ಸೊಸೆಯ ಎಲುಬು ಎಳೆ ಸೌತೆಕಾಯಿ, ಪಂಕ್ತಿಗೆ ಪಂಕ್ತಿಯೇ ನಗುತ್ತಿತ್ತು, ಅಮ್ಮ ಬಾಗಿ ಬಾಗಿ ಅಣ್ಣನ ಎಲೆಗೆ ತುಪ್ಪ ಬಡಿಸುತ್ತಿದ್ದಳು, ತಲೆ ಎತ್ತುತ್ತಿರಲಿಲ್ಲ, ಸಾಯುವವರೆಗೂ ಆ ಮಾತಿಗೆ ಅವಳು ತಲೆ ಎತ್ತಲಿಲ್ಲ. ಇವತ್ತು ನಗಲಿ, ಅದೇ ಜನ, ಅದೇ ಬಾಯಿ.

ಇದು ನಮ್ಮ ಶಶಿಪ್ರಭಾ ಟೀಚರ್ ಸ್ವತಃ ಮಾಡಿದ್ದು ಎಂದು ವಾಗ್ದೇವಿಯವರು ಹೇಳುತ್ತಿದ್ದಾರೆ, ನನ್ನ ಸೊಸೆಯೇ ಅಲ್ಲವಾ, ಎಂತ ಮಗಾ ಇದು, ಹಿಡೀಬೇಕಾ, ಮುರಿದರೆ ನನಗೆ ಹೇಳ್ಬೇಡ ಎನ್ನುತ್ತ ಮಾವ ಸುತ್ತಲೂ ನೋಡಿದರು, ಸುತ್ತಲಿನವರು ಆಗಲೇ ನಗಲು ತಯಾರಾದರು, ಹಿಡಿಯಿರಿ ಮಾವ ಎಂದಳು, ಕೊಳವೆಗಳು ಆ ಅಂಗೈಗಳಲ್ಲಿ ಮುಳುಗಿಯೇ ಹೋದವು, ಮುಳ್ಳು ಎಂಬತ್ತಕ್ಕೆ ಹಾರುವ ಮೊದಲೇ ಅವಳ ಕಾಲ ಹೆಬ್ಬೆರಳು ಗುಂಡಿಯ ಮೇಲೆ. ಒಂಬತ್ತು. ಯಾರೋ ಕೆಮ್ಮಿದರು. ಮಾವ ಬಗ್ಗಿ ನೋಡಿದರು, ಮಿಷನ್ ಹಾಳಾಗಿದೆ ನಿಂದು, ಇಲ್ಲ ಮಾವ ಸರಿ ಉಂಟು, ಅವ್ವಮ್ಮ ಒಮ್ಮೆ ಬನ್ನಿ, ಕಾಲು ಎತ್ತಿದಳು, ಅವ್ವಮ್ಮ ಹಿಡಿದಳು, ಮೂವತ್ತು, ಹಿಂದಿನಿಂದ ಒಂದು ಕಿಸಕ್ಕನೆ ನಗು, ವಾಗ್ದೇವಿಯವರು ಸೆರಗನ್ನು ಬಾಯಿಗೆ ಒತ್ತಿಕೊಂಡರು, ಈರೆಡ ಆಪುಜಾ ಎಂದು ಯಾರೋ ತುಳುವಿನಲ್ಲಿ, ನಿಮ್ಮಿಂದಾಗುವುದಿಲ್ಲವಾ ಎಂದು, ಆಗ ನಗು ಕೋಣೆ ತುಂಬಿತು, ಆಹಾ, ಅಮ್ಮ ಇರಬೇಕಿತ್ತು, ತಲೆ ಎತ್ತಿ ನೋಡಬೇಕಿತ್ತು. ಮಾವ ನಗಲಿಲ್ಲ. ಶಾಲು ತೆಗೆದು ಯಾರ ಕೈಗೋ ಕೊಟ್ಟರು, ಕೊಳವೆಗಳನ್ನು ಮತ್ತೆ ಹಿಡಿದರು, ಹನ್ನೊಂದು, ಕೊರಳಿನ ನರ ಉಬ್ಬಿತು, ಹನ್ನೊಂದೇ, ಹಣೆಯಿಂದ ಬೆವರು ಮೂಗಿಗೆ ಇಳಿಯಿತು, ಒರೆಸಲು ಕೈ ಬಿಡಲಿಲ್ಲ, ಬಿಡುವ ಜನವೇ ಅಲ್ಲ, ಹಿಡಿದದ್ದನ್ನು ಯಾವತ್ತು ಬಿಟ್ಟಿದ್ದಾರೆ, ಮತ್ತೆ ಬಿಗಿದರು, ಆಗ ಮುಳ್ಳು ಅಲುಗಿತು, ಹದಿನೈದು, ಇಪ್ಪತ್ತು, ಅವಳು ಗಾಬರಿಯಾಗಿ ಹೆಬ್ಬೆರಳನ್ನು ಇನ್ನೂ ಒತ್ತಿದಳು, ತಂತಿ ಕಳಚಿತೇ, ಇಲ್ಲ, ಮುಳ್ಳು ಏರುತ್ತಲೇ ಇದೆ, ಯಾಕೆ — ಬಲಗೈಯ ಕೊಳವೆಯ ಬಾಯಿ. ಅವಳೇ ಎಡಗೈಯಲ್ಲಿ ಗರಗಸ ಹಿಡಿದು ಕೊಯ್ದದ್ದು, ಒಂದಕ್ಕೆ ಅರ ಹಾಕಿ ನುಣುಪು ಮಾಡಿದಳು, ಇನ್ನೊಂದಕ್ಕಾಗುವಾಗ ಮಣಿಕಟ್ಟು ಸೋತಿತು, ಅಂಚು ಹಾಗೇ ಉಳಿಯಿತು, ಆ ಅಂಚೀಗ ಮಾವನ ಅಂಗೈಯೊಳಗೆ ಇಳಿದಿದೆ, ಒದ್ದೆ ಚರ್ಮದಲ್ಲಿ ಕರೆಂಟು ಸುಲಭವಾಗಿ ಹರಿಯುತ್ತದೆ ಮಕ್ಕಳೇ, ಬೆವರಾದರೂ ಸರಿ, ರಕ್ತವಾದರೂ ಸರಿ. ಏರ್ತಾ ಉಂಟು ನೋಡಿ, ಏರ್ತಾ ಉಂಟು ಎಂದು ಮಾವ ಹಲ್ಲು ಕಚ್ಚಿಕೊಂಡೇ ಹೇಳಿದರು, ಮುಖದಲ್ಲಿ ಎಂಥ ಹಿಗ್ಗು, ಜನ ಚಪ್ಪಾಳೆ ತಟ್ಟಿದರು, ಅಂಗೈಯಿಂದ ಕೆಂಪು ಗೆರೆಯೊಂದು ಹೊರಟು ಮಣಿಕಟ್ಟಿನತ್ತ ಇಳಿಯುತ್ತಿರುವುದು ಯಾರಿಗೂ ಕಾಣಲಿಲ್ಲ, ಅವರಿಗೂ ಕಾಣಲಿಲ್ಲ, ಎಷ್ಟಾಯ್ತು ಮಗಾ, ಇಷ್ಟು ಸಾಕಾ, ಬಿಡಿ ಮಾವ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು, ಕೆಂಪು ಗೆರೆ ಅಂಗಿಯ ತೋಳಿನ ಬಿಳಿಯನ್ನು ಮುಟ್ಟಿತು, ಸಾಲದು ಮಾವ, ಇನ್ನೂ ಬಿಗಿಯಾಗಿ ಹಿಡಿಯಿರಿ ಎಂದಳು ಶಶಿಪ್ರಭಾ, ಮಾವ ಹಿಡಿದರು, ಬಿಳಿ ತೋಳಿನ ಮೇಲೆ ಕೆಂಪು ಅಗಲವಾಯಿತು, ಇನ್ನೂ ಮಾವ, ಬಿಳಿಯ ಮೇಲೆ ಕೆಂಪು, ಇನ್ನೂ, ಆ ಕೆಂಪು —