ಆಲದ ಮರದ ನಾಲ್ಕನೆಯ ಗಂಟು

ಒಣಹುಲ್ಲು, ಹಸಿ ರಕ್ತ, ಅದರ ಮೇಲೆ ಕಾಯುವ ಬಿಸಿಲು. ಈ ಮೂರೂ ಸೇರಿದರೆ ಒಂದು ವಾಸನೆ ಹುಟ್ಟುತ್ತದೆ. ಇಂದ್ರಾಣಿಗೆ ಅದು ಆರನೆಯ ವಯಸ್ಸಿನಿಂದಲೂ ಗೊತ್ತು. ಕಾಮಸಮುದ್ರದ ಕಡೆಯ ಅವಳ ತವರೂರಿನಲ್ಲಿ, ಸ್ಕೂಲಿನ ದಾರಿಗೆ ಅಡ್ಡಲಾಗಿ ಒಂದು ಆಲದ ಮರ ಕೊಂಬೆ ಚಾಚಿಕೊಂಡಿತ್ತು. ಯಾರ ಮನೆಯ ಹಸು ಕರು ಹಾಕಿದರೂ, ಆಮೇಲೆ ಬೀಳುವ ಮಾಸನ್ನು ಹುಲ್ಲಿನಲ್ಲಿ ಸುತ್ತಿ, ಹಳೆ ಗೋಣಿಯಲ್ಲಿ ಗಂಟು ಕಟ್ಟಿ, ಆ ಕೊಂಬೆಗೆ ತೂಗುಹಾಕುತ್ತಿದ್ದರು. ಆಲ ಹಾಲು ಸುರಿಸುವ ಮರ. ಅದರ ಹಾಗೆ ಹಸುವೂ ಹಾಲು ಸುರಿಸಲಿ ಎಂಬ ಆಸೆ. ಮಕ್ಕಳು ಮೂಗು ಹಿಡಿದು ಒಂದೇ ಉಸಿರಿಗೆ ಮರ ದಾಟಿ ಓಡುತ್ತಿದ್ದರು. ನಡುವೆ ಉಸಿರು ಎಳೆದವರ ಮನೆ ಹಸು ಬತ್ತಿಹೋಗುತ್ತದೆ ಎಂದು ಯಾರೋ ಹೇಳಿಬಿಟ್ಟಿದ್ದರು. ಇಂದ್ರಾಣಿ ಪ್ರತಿಸಲವೂ ನಡುವೆಯೇ ಉಸಿರು ಎಳೆದುಬಿಡುತ್ತಿದ್ದಳು. ಸಂಜೆ ಮನೆಗೆ ಬಂದವಳೇ ಮೊದಲು ಹೋಗಿ ಹಸುವಿನ ಕೆಚ್ಚಲು ಮುಟ್ಟಿ ನೋಡುತ್ತಿದ್ದಳು.

ಈಗ ಅವಳಿಗೆ ಐವತ್ನಾಲ್ಕು. ಉರಿಗಾಂನ ಗಣಿ ಕಾರ್ಮಿಕರ ಲೈನಿನ ಮನೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷವಾಯಿತು. ಬಂಗಾರಪೇಟೆಯ ಖಾಸಗಿ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡಿಕೊಂಡಿದ್ದವಳು ಎರಡು ವರ್ಷದಿಂದ ಡಾಕ್ಟರ್ ಚಂದನ ನಡೆಸುವ ಸಂಶೋಧನೆಗೆ ಸೇರಿದ್ದಳು. ದನಗಳಿಂದ ಮನುಷ್ಯರಿಗೆ ಬರುವ ರೋಗಗಳು ಈ ಕಡೆಯ ಹಳ್ಳಿಗಳಲ್ಲಿ ಎಷ್ಟಿವೆ, ಹೇಗೆ ದಾಟುತ್ತವೆ ಎಂದು ಹುಡುಕುವ ಕೆಲಸ. ಅದರಲ್ಲೂ ಮುಖ್ಯವಾಗಿ ಕಂದು ರೋಗ. ಅದು ತಗಲಿದ ಹಸು ತಿಂಗಳು ತುಂಬುವ ಮೊದಲೇ ಕಂದು ಹಾಕುತ್ತದೆ, ಗರ್ಭ ಇಳಿದುಹೋಗುತ್ತದೆ. ಆ ಮಾಸನ್ನು ಬರಿಗೈಯಲ್ಲಿ ಮುಟ್ಟಿದವರಿಗೆ, ಕಾಯಿಸದ ಹಾಲು ಕುಡಿದವರಿಗೆ ಸಂಜೆಯಾದರೆ ಜ್ವರ, ಬೆವರು, ಕೀಲುನೋವು. ಬಸುರಿಗೆ ತಗಲಿದರೆ ಅವಳ ಗರ್ಭಕ್ಕೂ ಅಪಾಯ.

ಆ ಮಂಗಳವಾರ ಬೆಳಿಗ್ಗೆ ಅವಳು ಬಂಗಾರಪೇಟೆಯ ರೈಲಿನಲ್ಲಿ ಕೂತಿದ್ದಾಗ ಚಂದನಳ ಸಂದೇಶ ಬಂತು. ಹೋದ ತಿಂಗಳು ರಕ್ತ ತೆಗೆದ ಹಸುಗಳಲ್ಲಿ ನಲವತ್ತೊಂದನೆಯ ನಂಬರಿಗೆ ರೋಗವಿದೆ ಎಂದು. ಆ ನಂಬರು ಯಾರ ಮನೆಯದೆಂದು ಇಂದ್ರಾಣಿ ಪುಸ್ತಕ ತೆರೆದು ನೋಡಬೇಕಾಗಿರಲಿಲ್ಲ. ಅದು ಚಿಕ್ಕವೆಂಕಟಮ್ಮನ ಹಸು ಚುಕ್ಕಿ. ಚಿಕ್ಕವೆಂಕಟಮ್ಮನ ಸೊಸೆ ಸುಮಲತ ಐದು ತಿಂಗಳ ಬಸುರಿ. ಅದಕ್ಕೆ ಮುಂಚೆ ಎರಡು ಸಲ ಕಳೆದುಕೊಂಡಿದ್ದಳು.

ಎದುರು ಸೀಟಿನಲ್ಲಿ ಕೂತಿದ್ದ ಹೂವಿನಾಕೆ ಇಂದ್ರಾಣಿಯ ಮುಖ ನೋಡಿ, ಏನೂ ಕೇಳದೆ, ಕಿಟಕಿ ಪಕ್ಕದ ತನ್ನ ಜಾಗ ಬಿಟ್ಟುಕೊಟ್ಟಳು. ಗಾಳಿಗೆ ಮುಖ ಕೊಟ್ಟು ಕೂತ ಇಂದ್ರಾಣಿಗೆ ಹೋದ ತಿಂಗಳ ಭೇಟಿ ಒಂದೊಂದಾಗಿ ನೆನಪಾಯಿತು.

ಚಿಕ್ಕವೆಂಕಟಮ್ಮನ ಊರಿನಲ್ಲೂ ಅಂಥದೇ ಒಂದು ಆಲದ ಮರವಿತ್ತು. ಅವತ್ತು ಅದರ ಹತ್ತಿರ ಬಸ್ಸು ಇಳಿದಾಗ ಅದೇ ಹಳೆಯ ವಾಸನೆ ಮೂಗಿಗೆ ಬಡಿದಿತ್ತು. ಯಾರ ಮನೆಯಲ್ಲೋ ಹೊಸ ಕರು ಬಂದಿದೆ ಎಂದು ಮನಸ್ಸಿಗೆ ಖುಷಿಯೂ ಆಗಿತ್ತು. ಆದರೆ ಊರೆಲ್ಲ ಸುತ್ತಿದರೂ ಎಲ್ಲೂ ಆಗತಾನೆ ಹುಟ್ಟಿದ ಕರು ಕಾಣಲಿಲ್ಲ. ಕೆಲಸದ ಗಡಿಬಿಡಿಯಲ್ಲಿ ಅದನ್ನು ಮರೆತಳು. ಚಿಕ್ಕವೆಂಕಟಮ್ಮನ ಜಗುಲಿಯಲ್ಲಿ ಕೂತು ಫಾರಂ ತುಂಬಿಸುತ್ತಿದ್ದಾಗ ಹದಿನಾಲ್ಕನೆಯ ಪ್ರಶ್ನೆ ಬಂತು: ಈ ವರ್ಷ ಮನೆಯ ಯಾವುದಾದರೂ ಹಸು ಕಂದು ಹಾಕಿದೆಯೆ? ಅದೇ ಹೊತ್ತಿಗೆ ಸುಮಲತ ಕಾಫಿ ತಂದು ಮುಂದಿಟ್ಟಳು. ಇಂದ್ರಾಣಿಗೆ ಕೊಟ್ಟ ಲೋಟ ಬಿಸಿಯೆಂದು ಅದಕ್ಕೆ ಸೆರಗಿನ ತುದಿ ಸುತ್ತಿ ಹಿಡಿದಿದ್ದಳು.

ಬಸುರಿ ಹೆಂಗಸಿನ ಎದುರು ಆ ಮಾತು ಆಡಬಾರದು. ಹಸುವಿನದಾಗಲಿ, ಮೇಕೆಯದಾಗಲಿ, ಹೋದ ಗರ್ಭದ ಸುದ್ದಿಯನ್ನು ಅವಳಿರುವ ಮನೆಯಲ್ಲಿ ಬಾಯಿ ಬಿಟ್ಟು ಹೇಳುವುದಿಲ್ಲ. ಇಂದ್ರಾಣಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಹೊರಗಿನಿಂದ ಬಂದ ಹುಡುಗಿಯಾಗಿದ್ದರೆ ಕೇಳಿಬಿಡುತ್ತಿದ್ದಳು. ಇಂದ್ರಾಣಿ ಕೇಳಲಿಲ್ಲ. ಕಾಫಿ ಕುಡಿಯುತ್ತಾ ತಾನೇ 'ಇಲ್ಲ' ಎಂಬ ಚೌಕಕ್ಕೆ ಗುರುತು ಹಾಕಿ ಹಾಳೆ ತಿರುಗಿಸಿದಳು. ಬಸುರಿಯರ ರಕ್ತ ತೆಗೆಯುವುದು ಅಧ್ಯಯನದ ನಿಯಮದಲ್ಲಿ ಇರಲಿಲ್ಲವಾಗಿ ಸುಮಲತಳನ್ನು ಹಾಗೆಯೇ ಬಿಟ್ಟು ಬಂದಿದ್ದಳು.

ಬಂಗಾರಪೇಟೆಯಲ್ಲಿ ಇಳಿದವಳು ಆಫೀಸಿಗೆ ಹೋಗಲಿಲ್ಲ. ಚಂದನಳಿಗೆ ಫೋನು ಮಾಡಿ, ಆ ಮನೆಯಲ್ಲಿ ಬಸುರಿ ಇದ್ದಾಳೆಂದು ಹೇಳಿ ಕಾಮಸಮುದ್ರದ ಬಸ್ಸು ಹತ್ತಿದಳು. ತನ್ನ ಫಾರಂ ವಿಷಯವನ್ನು ಮಾತ್ರ ಹೇಳಲು ನಾಲಗೆ ಏಳಲಿಲ್ಲ.

ಕಂಡಕ್ಟರ್ ಅವಳು ರಕ್ತ ಸಾಗಿಸುವ ಐಸ್ ಡಬ್ಬಿಯನ್ನು ಗುರುತು ಹಿಡಿದು, ಸ್ಟಾಪಿನವರೆಗೆ ಹೋಗದೆ ಮರದ ಬುಡದಲ್ಲೇ ಬಸ್ಸು ನಿಲ್ಲಿಸಿ ಇಳಿಸಿದ. ಇಂದ್ರಾಣಿ ತಲೆಯೆತ್ತಿ ಕೊಂಬೆ ನೋಡಿದಳು. ಮೂರು ಗಂಟು ಇರಬೇಕಿತ್ತು. ಯುಗಾದಿಯಿಂದ ಈಚೆಗೆ ಊರಿನಲ್ಲಿ ಹುಟ್ಟಿದ್ದು ಮೂರು ಕರು. ಮೂರೂ ಅವಳ ಪುಸ್ತಕದಲ್ಲಿದ್ದವು. ಕೊಂಬೆಯಲ್ಲಿ ನಾಲ್ಕಿದ್ದವು. ನಾಲ್ಕನೆಯದು ಬಿಸಿಲಿಗೆ ಒಣಗಿ ಕಪ್ಪಾಗಿತ್ತು. ಅದನ್ನು ಹಗ್ಗದಿಂದ ಬಿಗಿದಿರಲಿಲ್ಲ, ಹಸಿರು ಚುಕ್ಕಿಯ ಸೀರೆಯ ಹರಕಿನಿಂದ ಕಟ್ಟಿದ್ದರು. ಅವತ್ತು ಸುಮಲತ ಬಿಸಿ ಲೋಟಕ್ಕೆ ಸುತ್ತಿದ್ದ ಸೆರಗೂ ಅದೇ ಹಸಿರು ಚುಕ್ಕಿಯದು. ಇಂದ್ರಾಣಿ ಡಬ್ಬಿ ಹಿಡಿದು ಆ ಮನೆಯ ಕಡೆ ಬೇಗಬೇಗ ನಡೆದಳು.

ಚಿಕ್ಕವೆಂಕಟಮ್ಮ ಹಿತ್ತಿಲಲ್ಲಿ ಚುಕ್ಕಿಗೆ ಬೂಸ ಕಲಸುತ್ತಿದ್ದಳು. ಅರವತ್ತು ದಾಟಿದ, ಒಂದು ಭುಜ ಸರಿಯಾಗಿ ಏಳದ, ಬಾಯಿ ಮಾತ್ರ ಚುರುಕಾದ ಹೆಂಗಸು.

"ಏನಮ್ಮಾ ಇಂದ್ರಾಣಿ, ಓದ್ ತಿಂಗ್ಳು ನಮ್ ರಕ್ತ ಈರ್ಕೊಂಡು ಓದೋಳು, ಇನ್ನೂ ಒಟ್ಟೆ ತುಂಬ್ಲಿಲ್ವಾ?" ಎಂದು ನಕ್ಕಳು.

ಇಂದ್ರಾಣಿಗೆ ನಗು ಬರಲಿಲ್ಲ. ಹತ್ತಿರ ಹೋಗಿ, ದನಿ ತಗ್ಗಿಸಿ, ಚುಕ್ಕಿ ಕಂದು ಹಾಕಿದ್ದು ಯಾವಾಗ ಎಂದು ಕೇಳಿದಳು.

ಬೂಸ ಕಲಸುತ್ತಿದ್ದ ಕೈ ನಿಂತಿತು. ಚಿಕ್ಕವೆಂಕಟಮ್ಮ ಮೊದಲು ಮನೆಯ ಬಾಗಿಲ ಕಡೆ ನೋಡಿದಳು.

"ಮೆಲ್ಲಕೆ. ಆಗಿದ್ದು ಆಯ್ತು. ಬಾಯಲ್ಲಿ ಆಡಿದ್ರೆ ಅದು ವಸ್ಲು ದಾಟಿ ಒಳೀಕೆ ಬತ್ತದೆ. ನನ್ ಸೊಸೆ ಮೂರ್ನೇ ಸಲ ಒಟ್ಟೇಲಿ ಒತ್ತಿರೋದು ಕಣಮ್ಮ."

ಇಂದ್ರಾಣಿ ಅವಳ ಕೈ ಹಿಡಿದುಕೊಂಡು ಎಲ್ಲವನ್ನೂ ಹೇಳಿದಳು. ರೋಗ ಬಾಯಿಮಾತಿನಿಂದ ಹೊಸಲು ದಾಟುವುದಿಲ್ಲ, ಕೈಯಿಂದ ದಾಟುತ್ತದೆ ಎಂದಳು. ಮಾಸನ್ನು ಮುಟ್ಟಿದ್ದು ಯಾರು ಎಂದು ಕೇಳಿದಳು. ಚಿಕ್ಕವೆಂಕಟಮ್ಮನಿಗೆ ಸ್ವಲ್ಪ ಧೈರ್ಯ ಬಂದ ಹಾಗಿತ್ತು. ಆ ದಿನ ತಾನು ಕುಪ್ಪಂನಲ್ಲಿ ನೆಂಟರ ತಿಥಿಗೆ ಹೋಗಿದ್ದೆ, ಎಲ್ಲ ಮಾಡಿದ್ದು ಮಗ ವೆಂಕಿ, ಸೊಸೆ ಕೊಟ್ಟಿಗೆ ಕಡೆ ತಲೆಯನ್ನೂ ಹಾಕಿಲ್ಲ ಎಂದಳು.

"ಅವ್ರು ಮರಕ್ಕೆ ನೇತಾಕಿದ್ದಷ್ಟೇ, ಅತ್ತೆ."

ಸುಮಲತ ಹಿಂಬಾಗಿಲಲ್ಲಿ ನಿಂತಿದ್ದಳು. ಒಂದು ಕೈ ಚೌಕಟ್ಟಿನ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ. "ಎಳ್ದಿದ್ದೂ ಕಟ್ಟಿದ್ದೂ ನಾನೇ. ಅವ್ರು ಕೆಲ್ಸಕ್ಕೆ ಓಗಿದ್ರು. ಚುಕ್ಕಿ ಒದ್ದಾಡ್ತಾ ಇತ್ತು, ಮಾಸು ಅರ್ಧ ನೇತಾಡ್ತಾ ಇತ್ತು. ನೋಡ್ಕೊಂಡಿರೋಕೆ ಆಗ್ಲಿಲ್ಲ. ನಿಮ್ಗೆ ಯೋಳಿದ್ರೆ ಇನ್ನೂ ನಾಲ್ಕು ತಿಂಗ್ಳು ಎದ್ರಿಕೊಂಡೇ ಇರ್ತೀರ ಅಂತ ಸುಮ್ಕಾದ್ವಿ."

ಇಂದ್ರಾಣಿ ಕೇಳಲು ಹೆದರಿಕೊಂಡೇ ಕೇಳಿದಳು: ಜ್ವರ ಬರುತ್ತದೆಯೆ? ಸುಮಲತ ಅತ್ತೆಯ ಮುಖ ನೋಡಿದಳು. ಎರಡು ವಾರದಿಂದ ಸಂಜೆ ಐದಾದರೆ ಮೈ ಕಾಯುತ್ತದೆ, ಬೆಳಗಾಗುವಷ್ಟರಲ್ಲಿ ಬೆವರಿ ಬಿಟ್ಟುಹೋಗುತ್ತದೆ, ಸೊಂಟ ಹಿಡಿದುಕೊಂಡಿದೆ ಎಂದಳು. ಬಸುರಿನ ಸುಸ್ತು ಅಂದುಕೊಂಡಿದ್ದಳಂತೆ.

ಒಂದು ಮನೆಯಲ್ಲಿ ಮೂರು ಜನ, ಒಬ್ಬರನ್ನೊಬ್ಬರು ಕಾಯಲು ಮೂರು ಮಾತು ಬಚ್ಚಿಟ್ಟಿದ್ದರು: ಅತ್ತೆ ಹಸುವಿನ ಸುದ್ದಿ, ಮಗ ಮಾಸು ಎಳೆದವರು ಯಾರೆಂಬುದು, ಸೊಸೆ ಜ್ವರ. ಹೊರಗಿನಿಂದ ಬಂದ ತಾನು ನಾಲ್ಕನೆಯದನ್ನು ಕಾಗದದ ಮೇಲೆ ಬಚ್ಚಿಟ್ಟೆ ಎಂದು ಇಂದ್ರಾಣಿ ಅಂದುಕೊಂಡಳು.

ಒಂದು ಗಂಟೆಯೊಳಗೆ ಅತ್ತೆ, ಸೊಸೆ, ಇಂದ್ರಾಣಿ ಮೂವರೂ ಆಟೋದಲ್ಲಿದ್ದರು. ದಾರಿಯುದ್ದಕ್ಕೂ ಚಿಕ್ಕವೆಂಕಟಮ್ಮ ಪ್ರತಿ ಹಳ್ಳಕ್ಕೂ ಸೊಸೆಯ ಹೊಟ್ಟೆಯ ಮುಂದೆ ತನ್ನ ನೋಯುವ ಕೈಯನ್ನೇ ಅಡ್ಡ ಹಿಡಿಯುತ್ತಿದ್ದಳು. ಆಟೋದವನು ಅದನ್ನು ಕನ್ನಡಿಯಲ್ಲಿ ನೋಡಿ ಹಳ್ಳ ತಪ್ಪಿಸಿ ತಪ್ಪಿಸಿ ನಿಧಾನವಾಗಿ ಓಡಿಸಿದ.

ಬಂಗಾರಪೇಟೆಯ ಆಫೀಸಿನ ಲ್ಯಾಬು ಎಂದರೆ ಒಂದು ಕೋಣೆ, ಒಂದು ಮೇಜು, ಒಂದು ಫ್ರಿಜ್ಜು. ಬಾಗಿಲಲ್ಲಿ ಕಾಯುತ್ತಿದ್ದ ಚಂದನ, ವಯಸ್ಸಿನಲ್ಲಿ ಮಗಳಂಥವಳು, ನಿಯಮದ ವಿಷಯ ಎತ್ತಲೇ ಇಲ್ಲ. ಇದು ಅಧ್ಯಯನಕ್ಕೆ ತೆಗೆಯುವ ರಕ್ತವಲ್ಲ, ರೋಗಿಯ ರಕ್ತ ಎಂದಷ್ಟೇ ಹೇಳಿ ಸುಮಲತಳ ಒಪ್ಪಿಗೆ ಕೇಳಿ, ಆಸ್ಪತ್ರೆಯ ಡಾಕ್ಟರಿಗೆ ಫೋನು ಮಾಡಲು ಆಚೆ ಹೋದಳು.

ಇಂದ್ರಾಣಿ ರಕ್ತ ತೆಗೆದು, ಸಣ್ಣ ಯಂತ್ರದಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಬೇರೆ ಮಾಡಿದಳು. ಬಿಳಿ ಹಲಗೆಯ ಮೇಲೆ ಆ ತಿಳಿಯ ಒಂದು ಹನಿ, ಪಕ್ಕದಲ್ಲಿ ಗುಲಾಬಿ ಬಣ್ಣದ ಔಷಧಿಯ ಒಂದು ಹನಿ. ಎರಡನ್ನೂ ಕಲಸಿ ನಾಲ್ಕು ನಿಮಿಷ ಹಲಗೆಯನ್ನು ಮೆಲ್ಲಗೆ ತೂಗಬೇಕು. ಗುಲಾಬಿ ನೀರು ಹಾಗೆಯೇ ನಯವಾಗಿ ಉಳಿದರೆ ರೋಗವಿಲ್ಲ. ಒಡೆದ ಹಾಲಿನ ಹಾಗೆ ಕಾಳು ಕಟ್ಟಿದರೆ ಇದೆ. ಎರಡು ವರ್ಷದಲ್ಲಿ ಸಾವಿರಾರು ಸಲ ತೂಗಿದ ಹಲಗೆ. ಇವತ್ತು ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ತೂಗಿದಳು.

ಮೊದಲನೆಯ ನಿಮಿಷ ಏನೂ ಆಗಲಿಲ್ಲ. ಎರಡನೆಯ ನಿಮಿಷವೂ ನಯವಾಗಿಯೇ ಇತ್ತು. ಬಾಗಿಲ ಬಳಿ ನಿಂತಿದ್ದ ಚಿಕ್ಕವೆಂಕಟಮ್ಮ, ಬಣ್ಣ ಚೆನ್ನಾಗಿದೆ ಅಲ್ಲವೆ, ಬಣ್ಣ ಚೆನ್ನಾಗಿದ್ದರೆ ಒಳ್ಳೆಯದೇ ಅಲ್ಲವೆ ಎಂದು ಯಾರನ್ನೋ ಕೇಳುವವಳಂತೆ ಕೇಳಿದಳು. ಮೂರನೆಯ ನಿಮಿಷದಲ್ಲಿ ಹನಿಯ ಅಂಚಿನಲ್ಲಿ ಸಾಸಿವೆಗಿಂತ ಸಣ್ಣದೊಂದು ಚುಕ್ಕೆ ಕಂಡಿತು. ಬೆಳಕಿನ ನೆರಳು ಇರಬಹುದೆಂದು ಇಂದ್ರಾಣಿ ಹಲಗೆಯನ್ನು ಕಿಟಕಿಯ ಕಡೆ ತಿರುಗಿಸಿದಳು. ಒಂದರ ಪಕ್ಕ ಇನ್ನೊಂದು. ನಾಲ್ಕನೆಯ ನಿಮಿಷ ಮುಗಿಯುವ ಹೊತ್ತಿಗೆ ಇಡೀ ಹನಿ ಕಾಳುಕಾಳಾಗಿತ್ತು.

ಇಂದ್ರಾಣಿ ಅದನ್ನು ಹೇಳುವ ಮೊದಲೇ ಸುಮಲತ, ಪರವಾಗಿಲ್ಲ ಅಕ್ಕ, ಕೂತ್ಕೊಳ್ಳಿ ಎಂದು ತಾನು ಕೂತಿದ್ದ ಸ್ಟೂಲಿನಿಂದ ಏಳಹೊರಟಳು.

ಆಸ್ಪತ್ರೆಯಲ್ಲಿ ಮತ್ತೊಂದು ಪರೀಕ್ಷೆಯಾಗಿ ರೋಗ ಖಚಿತವಾಯಿತು. ಸ್ಕ್ಯಾನಿನಲ್ಲಿ ಮಗುವಿನ ಎದೆಬಡಿತ ಕೇಳಿಸಿತು. ಅಲ್ಲಿನ ಡಾಕ್ಟರಮ್ಮ ಆ ಸದ್ದನ್ನು ಜೋರು ಮಾಡಿ ಅತ್ತೆಗೂ ಕೇಳಿಸಿದರು. ಆದರೆ ಮಾತು ಮುಚ್ಚಿಡಲಿಲ್ಲ. ಬಸುರಿಗೆ ಕೊಡಬಹುದಾದ ಮಾತ್ರೆ ಇದೆ, ಆರು ವಾರ ಒಂದು ದಿನವೂ ತಪ್ಪಬಾರದು, ಜ್ವರ ಇಳಿಯುವವರೆಗೆ ಇಲ್ಲೇ ಇರಲಿ, ಇನ್ನೂ ಮುಂಚೆ ಬಂದಿದ್ದರೆ ಚೆನ್ನಾಗಿತ್ತು ಎಂದರು. ಮಗು ನಿಲ್ಲುತ್ತದೆಯೆ ಎಂದು ಚಿಕ್ಕವೆಂಕಟಮ್ಮ ಕೇಳಿದ್ದಕ್ಕೆ, ನಿಲ್ಲಿಸಲು ನೋಡುತ್ತಿದ್ದೇವೆ ಎಂದಷ್ಟೇ ಹೇಳಿದರು. ಇನ್ನೂ ಮುಂಚೆ ಎಂಬ ಮಾತು ಇಂದ್ರಾಣಿಯ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಮನೆಗೆ ಹೋದರೂ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಚಂದನಳ ಜೊತೆ ಹಳ್ಳಿಗೆ ಹೋದಳು. ವೆಂಕಿಯ ರಕ್ತ ತೆಗೆದಳು. ಚುಕ್ಕಿಯನ್ನು ಬೇರೆ ಕಡೆ ಕಟ್ಟಿಸಿ, ಹಾಲು ಯಾರಿಗೂ ಕೊಡಬಾರದೆಂದು ಹೇಳಿದರು. ಕೈಗೆ ಗವಸು ಹಾಕಿಕೊಂಡು ನಾಲ್ಕೂ ಗಂಟು ಇಳಿಸಿ, ಸುಣ್ಣ ಸುರಿದು ಆಳದಲ್ಲಿ ಹೂಳಿದರು. ವಾಪಸು ಬರುವಾಗ ಜೀಪಿನಲ್ಲಿ ಇಂದ್ರಾಣಿ ಫಾರಂ ತೆಗೆದು ಚಂದನಳ ಮುಂದೆ ಇಟ್ಟು, ಹದಿನಾಲ್ಕನೆಯ ಉತ್ತರ ಯಾರನ್ನೂ ಕೇಳದೆ ತಾನೇ ಬರೆದದ್ದು ಎಂದಳು. ಚಂದನ ಅದನ್ನು ಓದಿ ವಾಪಸು ಕೊಟ್ಟಳು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬಸುರಿಯರಿರುವ ಮನೆ ಎಷ್ಟಿವೆಯೋ ಅಷ್ಟಕ್ಕೂ ಮತ್ತೆ ಹೋಗಬೇಕು, ನಾಳೆಯಿಂದಲೇ ಹೋಗೋಣ ಎಂದಳು.

ಸಂಜೆ ನಾಲ್ಕೂವರೆಗೆ ಇಂದ್ರಾಣಿ ಆಸ್ಪತ್ರೆಯ ವರಾಂಡಕ್ಕೆ ಬಂದಳು. ಬೆಂಚಿನ ಮೇಲೆ ಚಿಕ್ಕವೆಂಕಟಮ್ಮ ಕೂತಿದ್ದಳು, ಮಡಿಲಲ್ಲಿ ಬಟ್ಟೆಯಲ್ಲಿ ಕಟ್ಟಿದ ಡಬ್ಬಿ. ಮಧ್ಯಾಹ್ನ ವೆಂಕಿ ತಂದು ಕೊಟ್ಟು ಹೋಗಿದ್ದನಂತೆ. ಸೊಸೆಗೆ ಉಣ್ಣಿಸಿ ಆಗಿತ್ತು, ತನ್ನದಿನ್ನೂ ಹಾಗೆಯೇ ಇತ್ತು. ಐದು ಗಂಟೆಯ ಜ್ವರಕ್ಕಾಗಿ ಇಬ್ಬರೂ ಕಾಯುತ್ತಾ ಕೂತರು.

"ಅಕ್ಕಾ," ಎಂದಳು ಇಂದ್ರಾಣಿ, ಫಾರಂ ತೋರಿಸಿ. "ಇದನ್ನ ಅವತ್ತೇ ಕೇಳಬೇಕಿತ್ತು. ಕೇಳಲಿಲ್ಲ. ಇಲ್ಲ ಅಂತ ನಾನೇ ಬರೆದುಬಿಟ್ಟೆ. ನಾಲ್ಕು ವಾರ ನನ್ನಿಂದ ಹೋಯ್ತು."

ಓದಲು ಬಾರದ ಚಿಕ್ಕವೆಂಕಟಮ್ಮ ಆ ಸಣ್ಣ ಗುರುತನ್ನು ಬೆರಳಿಂದ ಮುಟ್ಟಿ ನೋಡಿದಳು.

"ನೀನು ಕೇಳಿದ್ರೆ ನಾನೂ ಇಲ್ಲ ಅಂತಾನೇ ಯೋಳ್ತಿದ್ದೆ," ಎಂದಳು.

ಆ ಮಾತಿನಲ್ಲಿ ಕರುಣೆ ಇತ್ತು. ಆದರೆ ಅವತ್ತು ಅಲ್ಲೇ ಇದ್ದ ಸುಮಲತ ಬೇರೆ ಉತ್ತರ ಕೊಡಬಹುದಿತ್ತು ಎಂಬುದು ಇಂದ್ರಾಣಿಗೆ ಗೊತ್ತಿತ್ತು, ಪ್ರಾಯಶಃ ಚಿಕ್ಕವೆಂಕಟಮ್ಮನಿಗೂ. ಇಂದ್ರಾಣಿ 'ಇಲ್ಲ' ಎಂಬುದನ್ನು ಹೊಡೆದುಹಾಕಿ 'ಹೌದು' ಎಂದು ಬರೆದು, ಪಕ್ಕದಲ್ಲಿ ತನ್ನ ಸಹಿ ಹಾಕಿದಳು.

ಐದಕ್ಕೆ ನರ್ಸು ಥರ್ಮಾಮೀಟರ್ ಹಿಡಿದು ಒಳಗೆ ಹೋದಳು. ಇಬ್ಬರೂ ಎದ್ದು ಬಾಗಿಲಿಗೆ ಬಂದು ನಿಂತರು. ನಿನ್ನೆ ನೂರಾ ಎರಡು ಇದ್ದದ್ದು ಇವತ್ತು ನೂರಾ ಒಂದೂವರೆ. ನರ್ಸು ಬರೆದುಕೊಂಡು, ಮಾತ್ರೆ ಹಿಡಿಯಲು ದಿನ ಬೇಕು, ಅರ್ಧ ಡಿಗ್ರಿ ಇಳಿದಿದ್ದಕ್ಕೆ ಏನೂ ಹೇಳೋಕಾಗಲ್ಲ ಎಂದು ಮುಂದಿನ ಹಾಸಿಗೆಗೆ ಹೋದಳು. ಹಾಸಿಗೆಯಲ್ಲಿ ಸುಮಲತ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಒಳಗಿನದು ಅಲುಗುವುದನ್ನೇ ಕಾಯುವವಳಂತೆ ಮಲಗಿದ್ದಳು.

ಇಂದ್ರಾಣಿ ಬೆಂಚಿಗೆ ಬಂದು ಕೂತಳು. ಊರಿಗೆ ರೈಲಿತ್ತು, ಅವಳು ಏಳಲಿಲ್ಲ. ಪಕ್ಕದಲ್ಲಿ ಬಟ್ಟೆಯ ಗಂಟು ಬಿಚ್ಚುವ ಸದ್ದಾಯಿತು. ಚಿಕ್ಕವೆಂಕಟಮ್ಮ ಡಬ್ಬಿಯ ಮುಚ್ಚಳ ತೆಗೆದು, ಒಂದೇ ಮುದ್ದೆಯನ್ನು ಬೆರಳಿನಿಂದ ಎರಡಾಗಿ ಮುರಿದು, ದೊಡ್ಡ ಅರ್ಧವನ್ನು ಮುಚ್ಚಳಕ್ಕೆ ಹಾಕಿ, ಅದರ ಮೇಲೆ ಸೊಪ್ಪಿನ ಸಾರು ಬಿಟ್ಟಳು. ಆಮೇಲೆ, ಇಂದ್ರಾಣಿಯ ಕಡೆ ನೋಡದೆ, ಮುಚ್ಚಳವನ್ನು ಅವಳ ಕೈಯಲ್ಲಿಟ್ಟಳು.