ಗೋಡೆಗೆ ಬಿಗಿದ ಮಾನಿಟರ್

ಮಾರೆಪ್ಪ ನುಗ್ಗಿ ಬಂದಾಗ ನರ್ಸ್ ರಮಾ ಒಂದು ಕೂಸಿನ ಜ್ವರ ನೋಡುತ್ತಿದ್ದಳು. ಅವನ ಹಿಂದೆ ನಾಲ್ಕೈದು ಗಂಡಸರು, ಅವನ ಕೈಯಲ್ಲಿ ಲಾರಿಯ ಜಾಕ್ ರಾಡು. ಕೂಸಿನ ತಾಯಿ ಮಗುವನ್ನು ಅವುಚಿಕೊಂಡು ಹೊರಗೋಡಿದಳು.

ಹಿಂದಿನ ದಿನವಷ್ಟೇ ಅವನು ಎದೆನೋವೆಂದು ಹೆಂಡತಿ ದುರುಗವ್ವನನ್ನು ಚಿತ್ತವಾಡ್ಗಿಯ ಈ ಕ್ಲಿನಿಕ್ಕಿಗೆ ಕರೆತಂದಿದ್ದ. ಇಸಿಜಿ ತೆಗೆಯುವ ಹೊತ್ತಿಗೆ ಹಳೆಯ ಕಂಪ್ಯೂಟರ್ ನಿಂತುಬಿಟ್ಟಿತು. ಡಾಕ್ಟರ್ ಅನುಸೂಯಾ ಮತ್ತು ರಮಾ ಇಬ್ಬರೂ ಅದರ ಮೇಲೆ ಬಗ್ಗಿ, ಆಫ್ ಮಾಡಿ ಆನ್ ಮಾಡಿ ಹೆಣಗಾಡುವುದನ್ನು ಅವನು ಬಾಗಿಲಲ್ಲಿ ನಿಂತು ನೋಡಿದ್ದ. ಕಡೆಗೆ ಅವಳನ್ನು ಪಕ್ಕದ ಕೋಣೆಗೆ ಒಯ್ದು ಇಸಿಜಿ ತೆಗೆದು, ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಗಾದಿಗನೂರು ದಾಟುವಷ್ಟರಲ್ಲಿ ಆಂಬುಲೆನ್ಸಿನಲ್ಲೇ ದುರುಗವ್ವನ ಉಸಿರು ನಿಂತಿತು.

“ನನ್ನ ಹೇಣ್ತಿ ಸಾಯಾಕತ್ತಿದ್ಲು! ನೀವು ಇದರ ಮಾರಿ ನೋಡ್ಕೋಂತ ನಿಂತಿದ್ರಿ!”

ಎಂದು ಕೂಗುತ್ತ ಮಾರೆಪ್ಪ ಬೀಸಿದ ರಾಡು ಕಂಪ್ಯೂಟರ್ ಪರದೆಯ ಮೇಲೆ ಬಿತ್ತು. ಆಚೆ ಕೋಣೆಗಳಲ್ಲೂ ಗಾಜು ಒಡೆಯುವ, ಮೇಜು ಉರುಳುವ ಸದ್ದು. ಗದ್ದಲ ಕೇಳಿ ಡಾಕ್ಟರ್ ಓಡಿಬಂದರು.

“ಮಾರೆಪ್ಪ, ನಿಂದ್ರು. ನನ್ನ ಮಾತು ಕೇಳು...”

ಅವನು ಕೇಳಲಿಲ್ಲ. ಒಡೆದ ಮಾನಿಟರನ್ನು ವೈರು ಸಮೇತ ಕಿತ್ತು ತಲೆಯ ಮೇಲೆತ್ತಿ ಡಾಕ್ಟರ ಮುಖಕ್ಕೆ ಗುರಿಯಿಟ್ಟ. ರಮಾ ನಡುವೆ ಬಂದು ಎಡಗೈ ಅಡ್ಡ ಹಿಡಿದಳು. ಒಣಕಟ್ಟಿಗೆ ಮುರಿದಂಥ ಸದ್ದಾಯಿತು. ಮುರಿದದ್ದು ತನ್ನ ಮಣಿಕಟ್ಟು ಎಂದು ಅವಳಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು.

ಮಾನಿಟರಿನ ಕಬ್ಬಿಣದ ಸ್ಟ್ಯಾಂಡು ಕಳಚಿ ಅವಳ ಕಾಲ ಬಳಿ ಬಿದ್ದಿತ್ತು. ಬಲಗೈಯಿಂದ ಅದನ್ನೆತ್ತಿ ಅವನ ತಲೆಗೆ ಬೀಸಿದಳು. ಅವನು ಮಂಡಿಯೂರಿದ. ಮತ್ತೆ ಹೊಡೆದಳು. ಅವನು ಅಂಗಾತ ಬಿದ್ದ. ಆಗಲೂ ಹೊಡೆದಳು. ನೋವು ಎಲ್ಲೋ ದೂರ ಸರಿದು, ಮೈಯಲ್ಲೆಲ್ಲ ಬಿಸಿಯಾದ ಒಂದು ಸುಖ ಹರಿಯುತ್ತಿತ್ತು.

“ಸಾಕು ರಮಾ! ಸಾಯ್ತಾನ!” ಡಾಕ್ಟರ್ ಅವಳ ಸೊಂಟ ಹಿಡಿದು ಹಿಂದಕ್ಕೆಳೆದರು.

ರಕ್ತ ನೋಡಿದ್ದೇ ತಡ, ಅವನ ಕಡೆಯವರು ಬೈಕ್ ಹತ್ತಿ ಪರಾರಿಯಾದರು. ಪೊಲೀಸರು ಬರುವವರೆಗೆ ಕಾಯುವಂತಿರಲಿಲ್ಲ. ರಮಾ ಒಂದೇ ಕೈ ಕೊಟ್ಟಳು; ಇಬ್ಬರೂ ಸೇರಿ ಅವನನ್ನು ಎತ್ತಿ, ಹಿಂದಿನ ದಿನ ಅವನ ಹೆಂಡತಿ ಮಲಗಿದ್ದ ಮಂಚದ ಮೇಲೆಯೇ ಮಲಗಿಸಿದರು. ಡಾಕ್ಟರ್ ಹೊಲಿಗೆ ಹಾಕಿದರು. ರಮಾ ಬಲಗೈಯಲ್ಲಿ ಟಾರ್ಚ್ ಹಿಡಿದು ನಿಂತಳು.

“ದುರುಗಿ... ನೀರು ಕೊಡು ದುರುಗಿ...” ಎಂದು ಅವನು ಕಣ್ಣು ಮುಚ್ಚಿಯೇ ಗೊಣಗುತ್ತಿದ್ದ. ಹೊಲಿಗೆ ಮುಗಿದ ಮೇಲೆ ರಮಾ ಟಾರ್ಚ್ ಇಟ್ಟು, ಒದ್ದೆ ಹತ್ತಿಯಿಂದ ಅವನ ತುಟಿ ಒರೆಸಿದಳು.

ಮಾರೆಪ್ಪ ಬದುಕಿದ, ಜೈಲಿಗೂ ಹೋದ. ರಮಾ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೆಲಸಕ್ಕೆ ಮರಳಿದಾಗ ಒಡೆದ ಕಂಪ್ಯೂಟರುಗಳನ್ನೆಲ್ಲ ತೆಗೆಸಿ ಮೂರೂ ತಪಾಸಣೆ ಕೋಣೆಗಳು ಖಾಲಿಯಾಗಿದ್ದವು. ಕಂಪ್ಯೂಟರ್ ಅಂಗಡಿಯ ಲಿಂಗರಾಜ್ ಎರಡು ಮಾದರಿ ತಂದು ಮೇಜಿನ ಮೇಲೆ ಜೋಡಿಸಿದ್ದ.

“ಇದು ನೋಡ್ರಿ ಮೇಡಂ, ದೊಡ್ಡ ಪರದೆ, ಎಕ್ಸ್‌ರೇ ಭಾಳ ಮಸ್ತ್ ಕಾಣ್ತದ. ಇನ್ನೊಂದು ಸಣ್ಣದು. ಪರದೆ, ಸಿಪಿಯು ಡಬ್ಬಿ ಎರಡನ್ನೂ ಗೋಡೆಗೆ ಬೋಲ್ಟ್ ಹಾಕಿ ಕೂಡಿಸಬೇಕು. ಖರೇ ಅಂದ್ರ, ಈಗಿನ ಕಾಲಕ್ಕ ಇದು ಹಳೇ ಪದ್ಧತಿ.”

ಡಾಕ್ಟರ್ ದೊಡ್ಡದರ ಕಡೆ ವಾಲಿದರು. ರಮಾ ಹತ್ತಿರ ಹೋಗಿ, ಒಂದೇ ಕೈಯಿಂದ ದೊಡ್ಡ ಮಾನಿಟರಿನ ಅಂಚು ಹಿಡಿದು ಎತ್ತಿ ನೋಡಿದಳು. ಸಲೀಸಾಗಿ ಮೇಲೆದ್ದಿತು. ಥಟ್ಟನೆ ಕೆಳಗಿಟ್ಟಳು.

“ಇದು ಬ್ಯಾಡ್ರಿ ಮೇಡಂ. ಗೋಡಿಗೆ ಬಿಗಿಯೋದ ಹಾಕಸ್ರಿ. ಬಾಗಿಲದಾಗ ನಿಂತೋರಿಗೂ ನಾವು ಏನ್ ಮಾಡಾಕತ್ತೀವಿ ಅನ್ನೋದು ಕಾಣಬೇಕು. ಆದ್ರ ಕಿತ್ತು ಎತ್ತಾಕ ಬರಬಾರ್ದು.”

“ಇನ್ನ ಯಾರು ಬರ್ತಾರ ರಮಾ? ಹೊರಗ ವಾಚ್‌ಮನ್ ಇಟ್ಟೀನಲ್ಲ.”

“ಬರೋರ ಮಾತಲ್ಲ. ನನಗೂ ಎತ್ತಾಕ ಬರಬಾರ್ದು.”

ಡಾಕ್ಟರ್ ಲಿಂಗರಾಜನ ಕಡೆ ತಿರುಗಿ, “ಮೂರೂ ಕೋಣಿಗೆ ಗೋಡಿಗೆ ಬಿಗಿಯೋದನ್ನ ಹಾಕಿಬಿಡ್ರಿ” ಎಂದರು.

ಹೊಸ ಕಂಪ್ಯೂಟರ್ ಶುರುವಾದ ದಿನವೇ ಹೊರಗೆ ಯಾವನೋ ಅವಾಚ್ಯವಾಗಿ ಕೂಗಾಡತೊಡಗಿದ. ರಮಾಳ ಬಲಗೈ ತಾನಾಗಿಯೇ ಮೇಜಿನ ಮೇಲೆ ಏನನ್ನೋ ತಡಕಾಡಿತು. ಏನೂ ಸಿಗಲಿಲ್ಲ. ಬರಿಗೈಯನ್ನು ಸೀರೆಗೆ ಒರೆಸಿಕೊಂಡು, ಬಾಗಿಲು ತೆರೆದು ಹೊರಗೆ ಬಂದಳು.

“ಯಾಕ್ರಿ ಯಪ್ಪಾ, ಏನಾತು? ಬರ್ರಿ, ಕುಂದ್ರಿ.”